ಕೆಂಪು ಹೆಸರುಗಳು: ಒಂದು ಗಿಲ್ಡ್ ಕನಿಷ್ಠ ಅಂಕದ ನಿಯಮವನ್ನು ಕೈಬಿಟ್ಟ ಪ್ರಕರಣ

ಉಚಿತವಾಗಿ ಸಿಗುವ ಫ್ಯಾಂಟಸಿ ಮೊಬೈಲ್ ಆಟಗಳಲ್ಲಿ ಜನ ಯಾಕೆ ಕೈಮೀರಿ ಹಣ ಹಾಕುತ್ತಾರೆ ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ ಗಾಚಾ, ಅಂದರೆ ಚೀಟಿ ಎತ್ತಿದಂತೆ ಪಾತ್ರಗಳನ್ನು ಎತ್ತುವ ವ್ಯವಸ್ಥೆ. ಆ ಉತ್ತರದಲ್ಲಿ ಹುರುಳಿದೆ. ಆದರೆ ನಾನು ಹತ್ತಿರದಿಂದ ಕಂಡ ಈ ಪ್ರಕರಣದಲ್ಲಿ ಒಬ್ಬ ಹುಡುಗನ ಕೈಯಿಂದ ಹಣ ಜಾರಿದ್ದು ಅದೃಷ್ಟದ ಆಸೆಯಿಂದಲ್ಲ. ಮೂವತ್ತು ಜನರ ಪಟ್ಟಿಯಲ್ಲಿ ತನ್ನ ಹೆಸರು ಕೆಂಪಾಗಿ ಕಾಣಬಾರದೆಂದು ಅವನು ಹಣ ಹಾಕಿದ. ಆ ಪಟ್ಟಿಗೆ ಬೆಲೆ ಬಂದದ್ದು ಅದರಲ್ಲಿ ಅವನ ಗೆಳೆಯರ ಹೆಸರುಗಳಿದ್ದವು ಎಂಬ ಕಾರಣಕ್ಕೆ. ಗಿಲ್ಡ್, ಅಂದರೆ ಒಟ್ಟಾಗಿ ಆಡುವ ಆಟಗಾರರ ಗುಂಪು, ನಡೆಸುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಆಟದ ಹೆಸರನ್ನಾಗಲಿ ಗಿಲ್ಡ್‌ನ ಹೆಸರನ್ನಾಗಲಿ ಹೇಳುವುದಿಲ್ಲ. ಆಟದೊಳಗಿನ ಪಾತ್ರಗಳ ಹೆಸರುಗಳನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಜನರನ್ನು ಅವರು ಆಟದಲ್ಲಿ ವಹಿಸುತ್ತಿದ್ದ ಕೆಲಸದ ಹೆಸರಿನಿಂದಲೇ ಕರೆಯುತ್ತೇನೆ: ನಾಯಕಿ, ಖಡ್ಗಧಾರಿ, ವೈದ್ಯೆ, ಬಿಲ್ಲುಗಾರ. ಆ ದಿನಗಳಲ್ಲಿ ಗಿಲ್ಡ್‌ನ ಅಂಕಪಟ್ಟಿಯನ್ನು ನಾನು ನೋಡಿಕೊಳ್ಳುತ್ತಿದ್ದೆ. ಬಿಲ್ಲುಗಾರ ಇದನ್ನು ಓದಿ, ಎರಡು ಸಾಲು ತೆಗೆಸಿ, ಉಳಿದದ್ದನ್ನು ಬರೆಯಲು ಒಪ್ಪಿದ್ದಾನೆ.

ಹಿನ್ನೆಲೆ

ಆಟದ ಚೌಕಟ್ಟು ಈ ಬಗೆಯ ಆಟ ಆಡಿದವರಿಗೆಲ್ಲ ಪರಿಚಿತ. ಎಲ್ಫ್‌ಗಳು, ಕುಬ್ಜರು, ಮಾಂತ್ರಿಕರು ಇರುವ ಒಂದು ಲೋಕ. ಐದು ಪಾತ್ರಗಳ ತಂಡ. ಸ್ಟ್ಯಾಮಿನಾ, ಅಂದರೆ ಆಡಲು ಇಷ್ಟೇ ಎಂದು ಸಿಗುವ ಶಕ್ತಿ, ಮುಗಿಯುವವರೆಗೆ ದಿನದ ಕೆಲಸಗಳು. ವಾರಕ್ಕೊಂದು ಗಿಲ್ಡ್ ಯುದ್ಧ. ಡೌನ್‌ಲೋಡ್ ಮಾಡಲು ಹಣ ಬೇಡ, ಕಥೆಯನ್ನು ಕೊನೆಯವರೆಗೆ ಆಡಲೂ ಬೇಡ. ಹೊಸ ಪಾತ್ರ ಬೇಕೆಂದರೆ ಆಟದೊಳಗಿನ ನಾಣ್ಯವಾದ ಡೈಮಂಡ್ ಕೊಟ್ಟು ಪುಲ್ ಮಾಡಬೇಕು, ಅಂದರೆ ಒಂದು ಚೀಟಿ ಎತ್ತಬೇಕು. ಡೈಮಂಡ್ ಆಡಿದರೂ ಸಿಗುತ್ತದೆ, ಕೊಂಡರೂ ಸಿಗುತ್ತದೆ.

ಇಲ್ಲಿ ಒಂದು ಲೆಕ್ಕ ಹೇಳದೆ ಮುಂದೆ ಹೋಗುವಂತಿಲ್ಲ. ಸೀಮಿತ ಅವಧಿಯ ಪಾತ್ರ ಒಂದು ಪುಲ್‌ಗೆ ಸಿಗುವ ಸಾಧ್ಯತೆ ಶೇಕಡಾ 1. ಶೇಕಡಾ 1 ಎಂದ ಕೂಡಲೇ ನೂರು ಪುಲ್ ಮಾಡಿದರೆ ಸಿಕ್ಕೇ ಸಿಗುತ್ತದೆ ಎಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ವಾಸ್ತವದಲ್ಲಿ ನೂರು ಪುಲ್ ಮಾಡಿದವರಲ್ಲಿ ಶೇಕಡಾ 37ರಷ್ಟು ಜನ ಬರಿಗೈಯಲ್ಲಿ ಉಳಿಯುತ್ತಾರೆ. ಅವರಿಗೆಂದೇ ‘ಪಿಟಿ’ ಎಂಬ ಏರ್ಪಾಡು ಇದೆ: ಇನ್ನೂರನೇ ಪುಲ್‌ನಲ್ಲಿ ಪಾತ್ರ ಖಚಿತವಾಗಿ ಬರುತ್ತದೆ. ಒಂದು ದಿನವೂ ತಪ್ಪದೆ ಆಡುವವರು ಹಣ ಕೊಡದೆ ತಿಂಗಳಿಗೆ ಹೆಚ್ಚೆಂದರೆ ನಲವತ್ತು ಪುಲ್‌ಗಳಷ್ಟು ಡೈಮಂಡ್ ಕೂಡಿಡಬಹುದಿತ್ತು. ಖಚಿತವಾಗಿ ಒಂದು ಪಾತ್ರ ಬೇಕೆಂದರೆ ಐದು ತಿಂಗಳ ಉಳಿತಾಯ. ಬ್ಯಾನರ್, ಅಂದರೆ ಆ ಪಾತ್ರವನ್ನು ಎತ್ತಲು ಸಿಗುವ ಅವಕಾಶ, ಇರುವುದು ಮೂರು ವಾರ, ಅದು ಮುಗಿಯುತ್ತಿದ್ದಂತೆ ಇನ್ನೊಂದು ಶುರು.

ಇಂಥ ಮಿತಿಗಳೂ ಸುಮ್ಮನೆ ಬಂದವಲ್ಲ. 2016ರ ಆರಂಭದಲ್ಲಿ ಗ್ರಾನ್‌ಬ್ಲೂ ಫ್ಯಾಂಟಸಿ ಆಟದಲ್ಲಿ ಒಂದೇ ಪಾತ್ರಕ್ಕಾಗಿ ಆಟಗಾರರು ಅಪಾರ ಹಣ ಸುರಿದು, ಜಪಾನಿನಲ್ಲಿ ದೊಡ್ಡ ಗದ್ದಲವೆದ್ದ ಮೇಲೆಯೇ ಅಲ್ಲಿ 300 ಪುಲ್‌ಗೆ ಬೇಕಾದ ಪಾತ್ರವನ್ನು ಆರಿಸಿಕೊಳ್ಳುವ ಅವಕಾಶ ಬಂದದ್ದು. 2020ರಲ್ಲಿ ಬಂದ ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಐದು ನಕ್ಷತ್ರದ ಪಾತ್ರದ ಮೂಲ ಸಾಧ್ಯತೆ ಶೇಕಡಾ 0.6, ಮಿತಿ 90 ಪುಲ್. ಮಿತಿ ಇರುವುದು ಒಳ್ಳೆಯದೇ. ಆದರೆ ಮಿತಿಗೆ ಇನ್ನೊಂದು ಮುಖವಿದೆ. 140 ಪುಲ್ ಮುಗಿಸಿದವನಿಗೆ ಅದು ಇನ್ನು ಬರೀ ಅರವತ್ತು ಎಂದು ಹೇಳುತ್ತಿರುತ್ತದೆ. ಅಲ್ಲಿ ನಿಲ್ಲಿಸಿದರೆ ಆವರೆಗೆ ಹಾಕಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಅನ್ನಿಸುತ್ತದೆ.

ನಮ್ಮ ಗಿಲ್ಡ್‌ಗೆ ಆಗ ಮೂರನೇ ವರ್ಷ. ಬೇರೆ ಬೇರೆ ಊರುಗಳ, ಬೇರೆ ಬೇರೆ ವಯಸ್ಸಿನ ಮೂವತ್ತು ಜನ. ಸರ್ವರ್‌ನ ಅಗ್ರ ನೂರು ಗಿಲ್ಡ್‌ಗಳಲ್ಲಿ ತೊಂಬತ್ತರ ಆಸುಪಾಸಿನಲ್ಲಿ ತೂಗಾಡುತ್ತಿದ್ದೆವು. ನೂರರೊಳಗಿದ್ದರೆ ವಾರದ ಕೊನೆಗೆ ಬರುವ ಬಹುಮಾನ ದೊಡ್ಡದು, ಹೊರಗಿದ್ದರೆ ಅರ್ಧಕ್ಕಿಂತ ಕಡಿಮೆ. ಖಡ್ಗಧಾರಿ ನಮ್ಮಲ್ಲಿ ಅತಿ ಹೆಚ್ಚು ಖರ್ಚು ಮಾಡುತ್ತಿದ್ದವರು. ಅವರಿಗೆ ಅದು ಭಾರವಲ್ಲ, ಅದನ್ನು ಅವರು ಮೆರೆಸುತ್ತಲೂ ಇರಲಿಲ್ಲ. ವೈದ್ಯೆ ಒಂದು ಕಾಸೂ ಹಾಕದೆ ಆಡುವವರು, ಆಟದ ಒಳಗುಟ್ಟು ಅವರಷ್ಟು ಬಲ್ಲವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಬಿಲ್ಲುಗಾರ ಇಪ್ಪತ್ತೆರಡರ ಹುಡುಗ, ಆಗಷ್ಟೇ ಮೊದಲ ಕೆಲಸಕ್ಕೆ ಸೇರಿದ್ದ. ಹೊಸಬರು ಗಿಲ್ಡ್‌ಗೆ ಬಂದಾಗ ಯಾವ ಪಾತ್ರಕ್ಕೆ ಯಾವ ಆಯುಧ, ಯಾವುದಕ್ಕೆ ಡೈಮಂಡ್ ಹಾಳುಮಾಡಬಾರದು ಎಂದು ತಾಳ್ಮೆಯಿಂದ ಹೇಳಿಕೊಡುತ್ತಿದ್ದವನು ಅವನೇ. ನಾಯಕಿಯನ್ನು ಅವನು ಅಕ್ಕ ಎಂದೇ ಕರೆಯುತ್ತಿದ್ದ. ಅವರಿಬ್ಬರು ಒಬ್ಬರನ್ನೊಬ್ಬರು ಒಮ್ಮೆಯೂ ನೋಡಿದವರಲ್ಲ.

ಪಟ್ಟಿ ಮತ್ತು ಗಂಟೆ

ಗಿಲ್ಡ್ ಯುದ್ಧದ ಪರದೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಪ್ರಕರಣದ ಬೇರು ಅಲ್ಲಿದೆ. ಒಬ್ಬೊಬ್ಬರಿಗೆ ದಿನಕ್ಕೆ ಮೂರು ದಾಳಿ, ವಾರಕ್ಕೆ ಇಪ್ಪತ್ತೊಂದು. ಯಾರು ಎಷ್ಟು ಡ್ಯಾಮೇಜ್ ಮಾಡಿದರು, ಅಂದರೆ ಎದುರಾಳಿಗೆ ಎಷ್ಟು ಪೆಟ್ಟು ಕೊಟ್ಟರು, ಎಂಬುದು ಮೇಲಿನಿಂದ ಕೆಳಗೆ ಇಳಿಯುವ ಒಂದು ಪಟ್ಟಿಯಾಗಿ ಕಾಣುತ್ತದೆ. ಮೊದಲ ಮೂವರಿಗೆ ಚಿನ್ನದ ಅಂಚು. ಕೊನೆಯ ಐವರ ಹೆಸರು ಕೆಂಪು. ಕೆಂಪು ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಗಂಟೆ. ಅದನ್ನು ಯಾರು ಒತ್ತಿದರೂ ಆ ವ್ಯಕ್ತಿಯ ಫೋನಿಗೆ ‘ನಿಮ್ಮ ಸಂಗಾತಿಗಳು ನಿಮಗಾಗಿ ಕಾಯುತ್ತಿದ್ದಾರೆ’ ಎಂಬ ಸೂಚನೆ ಹೋಗುತ್ತದೆ. ಯಾರು ಒತ್ತಿದರು ಎಂದು ಗೊತ್ತಾಗುವುದಿಲ್ಲ. ಮೂವತ್ತು ಜನ ಎಷ್ಟೇ ಚೆನ್ನಾಗಿ ಆಡಲಿ, ಐವರು ಕೆಂಪಾಗಿಯೇ ಇರುತ್ತಾರೆ. ಆ ಬಣ್ಣಕ್ಕೆ ಸೋಲು ಗೆಲುವಿನೊಂದಿಗೆ ಸಂಬಂಧವೇ ಇಲ್ಲ.

ಹಾಗಿದ್ದರೂ ಮೂರು ವರ್ಷ ಆ ಪಟ್ಟಿಯಿಂದ ನಮಗೆ ತೊಂದರೆ ಆಗಿರಲಿಲ್ಲ. ತೊಂದರೆ ಶುರುವಾದದ್ದು ಹೊಸ ಸೀಸನ್‌ನಲ್ಲಿ ಗಿಲ್ಡ್ ಯುದ್ಧದ ಎದುರಾಳಿಯಾಗಿ ಬಂದ ನೆರಳು ಡ್ರ್ಯಾಗನ್‌ನಿಂದ. ಅದರ ಮೈಮೇಲೆ ಒಂದು ಕವಚ. ಕವಚ ಇರುವಷ್ಟು ಹೊತ್ತು ಯಾರೇ ಹೊಡೆದರೂ ಹೊಡೆತದ ಹತ್ತನೇ ಒಂದು ಪಾಲು ಮಾತ್ರ ತಗಲುತ್ತದೆ. ಆ ಕವಚವನ್ನು ಒಡೆಯಬಲ್ಲವಳು ಅದೇ ವಾರ ಬ್ಯಾನರ್‌ಗೆ ಬಂದ ಚಂದ್ರಮಾಂತ್ರಿಕೆ ಒಬ್ಬಳೇ. ಬೀಗವನ್ನೂ ಕೀಲಿಯನ್ನೂ ಒಂದೇ ದಿನ ಹೊರತಂದಿದ್ದರು, ಬೀಗ ಎಲ್ಲರಿಗೂ ಉಚಿತ.

ಮೊದಲ ವಾರದಲ್ಲೇ ನಾವು 140ನೇ ಸ್ಥಾನಕ್ಕೆ ಕುಸಿದೆವು.

ಕನಿಷ್ಠ ಅಂಕ

ನಾಯಕಿ ದಬ್ಬಾಳಿಕೆಯ ಹೆಂಗಸಲ್ಲ. ಅಂಕಪಟ್ಟಿ ನೋಡಿ, ಮೇಲಿನ ಹದಿನೈದು ಜನರ ಸರಾಸರಿಯ ಅರ್ಧದಷ್ಟನ್ನು ವಾರದ ಕನಿಷ್ಠ ಅಂಕವೆಂದು ಗೊತ್ತುಮಾಡಿದರು. ಸತತ ಎರಡು ವಾರ ಅಷ್ಟು ಮಾಡದವರು ಜಾಗ ಬಿಟ್ಟುಕೊಡಬೇಕು. ಕೇಳಿದವರಿಗೆ ನ್ಯಾಯವೆಂದೇ ಅನ್ನಿಸಿತು. ಬಹುಮಾನ ಎಲ್ಲರಿಗೂ ಸಮವಾಗಿ ಹಂಚಿಹೋಗುವಾಗ ದುಡಿಮೆಯೂ ಒಂದು ಮಟ್ಟಕ್ಕೆ ಇರಲಿ ಎಂಬುದು ಅವರ ವಾದ. ಬಹುತೇಕ ಗಿಲ್ಡ್‌ಗಳಲ್ಲಿ ಇಂಥ ನಿಯಮ ಇದ್ದೇ ಇರುತ್ತದೆ.

ಆದರೆ ಮೇಲಿನ ಹದಿನೈದು ಜನರಲ್ಲಿ ಹನ್ನೊಂದು ಜನರ ಬಳಿ ಚಂದ್ರಮಾಂತ್ರಿಕೆ ಇದ್ದಳು. ಅವರ ಅಂಕದಿಂದ ಹುಟ್ಟಿದ ಸರಾಸರಿಯ ಅರ್ಧವನ್ನೂ ಅವಳಿಲ್ಲದ ತಂಡ ಮುಟ್ಟುವುದು ಅಸಾಧ್ಯಕ್ಕೆ ಹತ್ತಿರ. ಶ್ರಮವನ್ನು ಅಳೆಯಲೆಂದು ಇಟ್ಟ ಅಳತೆಗೋಲು ಅವಳು ನಿನ್ನ ಬಳಿ ಇದ್ದಾಳೋ ಇಲ್ಲವೋ ಎಂದು ಕೇಳತೊಡಗಿತು. ಗಿಲ್ಡ್‌ನ ನಿಯಮದಲ್ಲಿ ಹಣದ ಸುದ್ದಿಯೇ ಇರಲಿಲ್ಲ, ಹಾಗಾಗಿ ಯಾರಿಗೂ ಅದು ಹಣದ ನಿಯಮವಾಗಿ ಕಾಣಲಿಲ್ಲ.

ಎರಡನೇ ವಾರ ನಾವು 97ಕ್ಕೆ ಏರಿದೆವು. ನಿಯಮ ಕೆಲಸ ಮಾಡಿತು ಎಂದು ಸಂಭ್ರಮಿಸಿದೆವು. ಚಾಟ್‌ನಲ್ಲಿ ಪುಲ್ ಮಾಡಿದ ಚಿತ್ರಗಳು ಸಾಲುಸಾಲಾಗಿ ಬಂದವು: ಕತ್ತಲೆಯ ಪರದೆ, ನಡುವೆ ಒಡೆಯುವ ಬೆಳ್ಳಿ ಚಂದ್ರ, ಅದರಿಂದ ಇಳಿದು ಬರುವ ಮಾಂತ್ರಿಕೆ. ಪ್ರತಿ ಚಿತ್ರಕ್ಕೂ ಅಭಿನಂದನೆ. ಅದೇ ವಾರ ಇಬ್ಬರು ಹಳಬರು ಒಂದು ಮಾತೂ ಆಡದೆ ಗಿಲ್ಡ್ ಬಿಟ್ಟರು. ಇಬ್ಬರೂ ಹಣ ಹಾಕದೆ ಆಡುತ್ತಿದ್ದವರು. ಅವರ ಇಪ್ಪತ್ತೊಂದು ದಾಳಿಗಳಲ್ಲಿ ಒಂದೂ ತಪ್ಪಿರಲಿಲ್ಲ ಎಂಬುದು ನನ್ನ ಪಟ್ಟಿಯಲ್ಲಿ ದಾಖಲಾಗಿತ್ತು. ಆದರೆ ಯಾರೂ ಆ ಅಂಕಣವನ್ನು ನೋಡುತ್ತಿರಲಿಲ್ಲ.

ಮಾಡಿನೋಡಿದ ಎರಡು ಉಪಾಯಗಳು

ಹಳಬರು ಹೋದದ್ದು ಖಡ್ಗಧಾರಿಯವರಿಗೆ ನಿಜಕ್ಕೂ ನೋವು ತಂದಿತು. ಆಟದಲ್ಲಿ ಇನ್ನೊಬ್ಬರಿಗೆ ಡೈಮಂಡ್ ಪ್ಯಾಕ್ ಉಡುಗೊರೆ ಕೊಡುವ ಅವಕಾಶವಿದೆ. ಅವರು ತಮ್ಮ ಖರ್ಚಿನಲ್ಲಿ ಆರು ಜನರಿಗೆ ಪ್ಯಾಕ್ ಕಳುಹಿಸಿದರು. ಕೊಟ್ಟ ಮನಸ್ಸು ದೊಡ್ಡದು, ಅದರಲ್ಲಿ ಸಂಶಯವಿಲ್ಲ. ತೆಗೆದುಕೊಂಡವರ ಪಾಡು ಬೇರೆ. ಆರರಲ್ಲಿ ಇಬ್ಬರಿಗಷ್ಟೇ ಮಾಂತ್ರಿಕೆ ಬಂದಳು. ಉಳಿದ ನಾಲ್ವರು, ಕೊಟ್ಟದ್ದನ್ನು ಕಳೆದುಕೊಂಡೆವಲ್ಲ ಎಂದು ಕುಗ್ಗಿ, ಅದರ ಮೇಲೆ ತಮ್ಮ ಕೈಯಿಂದಲೂ ಹಾಕಿದರು. ಅವರಲ್ಲೊಬ್ಬರು ಮುಂದೆ ನನಗೆ ಬರೆದದ್ದು ಹೀಗೆ: ‘ಆಟ ಬಿಡಬೇಕೆಂದಿದ್ದೆ. ಉಡುಗೊರೆ ತೆಗೆದುಕೊಂಡ ಮೇಲೆ ಯಾವ ಮುಖ ಇಟ್ಟುಕೊಂಡು ಬಿಡಲಿ?’ ಕೊಡುವವರಿಗೆ ಹಗುರವಾದ ಉಡುಗೊರೆ ಪಡೆಯುವವರಿಗೆ ಋಣವಾಗಿ ಕೂರುತ್ತದೆ. ಎಲ್ಲರ ಹೆಸರು ಎಲ್ಲರಿಗೂ ಕಾಣುವ ಕಡೆ ಆ ಋಣ ಇನ್ನಷ್ಟು ಭಾರ.

ಎರಡನೇ ಉಪಾಯ ಗಿಲ್ಡನ್ನೇ ಎರಡು ಮಾಡುವುದು. ಕನಿಷ್ಠ ಅಂಕ ಮುಟ್ಟುವವರು ಮುಖ್ಯ ಗಿಲ್ಡ್‌ನಲ್ಲಿ, ಉಳಿದವರು ಪಕ್ಕದಲ್ಲಿ ತೆರೆದ ಇನ್ನೊಂದು ಗಿಲ್ಡ್‌ನಲ್ಲಿ, ಒತ್ತಡವಿಲ್ಲದೆ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಒಂಬತ್ತು ಜನ ಅಲ್ಲಿಗೆ ಹೋದರು. ಎರಡನೇ ಗಿಲ್ಡ್‌ನಲ್ಲಿ ಮೊದಲ ದಿನ ಒಂದಿಷ್ಟು ಮಾತು, ಆಮೇಲೆ ಮೌನ. ಅವರು ಆಡಲು ಬರುತ್ತಿದ್ದುದೇ ಇಲ್ಲಿನ ಜನರ ಜೊತೆ ಹರಟಲು. ಹರಟೆಯ ಜಾಗದಿಂದ ಹೊರಗಿಟ್ಟು, ಒತ್ತಡವಿಲ್ಲದೆ ಆಡಿ ಎಂದರೆ ಆಡಲು ಏನು ಉಳಿಯಿತು? ಉಳಿದವರಿಗೆ ಎರಡನೇ ಗಿಲ್ಡ್ ಎಂಬುದು ಬೀಳಬಾರದ ಹಳ್ಳದಂತೆ ಕಾಣತೊಡಗಿತು. ಒತ್ತಡ ತಗ್ಗಿಸಲು ಮಾಡಿದ ಏರ್ಪಾಡು ಒತ್ತಡವನ್ನು ಹೆಚ್ಚಿಸಿತು.

ಬಿಲ್ಲುಗಾರನ ಸಂದೇಶ

ಬಿಲ್ಲುಗಾರ ಮೊದಲಿಂದಲೂ ಮುಖ್ಯ ಗಿಲ್ಡ್‌ನಲ್ಲೇ ಉಳಿದಿದ್ದ. ಸೀಸನ್‌ನ ಉತ್ತರಾರ್ಧದಲ್ಲಿ ಎರಡನೇ ಸೀಮಿತ ಪಾತ್ರ ಬಂದಾಗ ಅವನ ಅಂಕ ಒಂದು ವಾರ ಕನಿಷ್ಠಕ್ಕಿಂತ ಕೆಳಗಿಳಿಯಿತು. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಒಂದು ರಾತ್ರಿ ಅವನೇ ನಾಯಕಿಗೆ ಖಾಸಗಿಯಾಗಿ ಬರೆದ:

‘ಅಕ್ಕ, ದಯವಿಟ್ಟು ನನ್ನನ್ನು ಈ ವಾರ ಎರಡನೇ ಗಿಲ್ಡ್‌ಗೆ ಹಾಕಬೇಡಿ. ಒಂದನೇ ತಾರೀಕು ಸಂಬಳ ಬರುತ್ತದೆ. ಬಂದ ದಿನವೇ ಸರಿಮಾಡುತ್ತೇನೆ.’

ನಾಯಕಿ ಆ ಸಂದೇಶವನ್ನು ಬಹಳ ಹೊತ್ತು ನೋಡುತ್ತ ಕುಳಿತೆ ಎಂದು ಆಮೇಲೆ ಹೇಳಿದರು. ಬಾಡಿಗೆ ಕೊಡಲು ಗಡುವು ಕೇಳುವವರ ಮಾತು ಅದು. ತಾನು ಅವನಿಂದ ಹಣವನ್ನು ಎಂದೂ ಕೇಳಿರಲಿಲ್ಲ, ಆದರೂ ಅವನು ತನ್ನಲ್ಲಿ ಸಾಲಗಾರನಂತೆ ಗಡುವು ಕೇಳುತ್ತಿದ್ದಾನೆ. ಈ ಪ್ರಕರಣದ ತಿರುವು ಇಲ್ಲೇ ಇದೆ ಎಂದು ನಾನು ತಿಳಿಯುತ್ತೇನೆ. ಬೇರೊಬ್ಬರಾಗಿದ್ದರೆ ‘ಪರವಾಗಿಲ್ಲ, ಒಂದು ವಾರ ಬಿಡೋಣ’ ಎಂದು ವಿನಾಯಿತಿ ಕೊಟ್ಟು ಮುಗಿಸುತ್ತಿದ್ದರು. ಅವರು ವಿನಾಯಿತಿ ಕೊಡಲಿಲ್ಲ, ‘ಇದುವರೆಗೆ ಎಷ್ಟಾಗಿದೆ?’ ಎಂದು ಕೇಳಿದರು.

ಉತ್ತರ ಬರಲು ಮರುದಿನದವರೆಗೆ ಹಿಡಿಯಿತು. ಎರಡು ಬ್ಯಾನರ್‌ಗಳಿಗೆ ಸೇರಿ ಅವನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಆಮೇಲೆ ತೀರಿಸುವ ಕಂತಿನ ಸಾಲ. ಒಂದೇ ಸಲ ಹಾಕಿದ್ದಲ್ಲ, ಸಣ್ಣ ಪ್ಯಾಕ್, ಮತ್ತೊಂದು ಸಣ್ಣ ಪ್ಯಾಕ್ ಎಂದು ಹತ್ತಾರು ಬಾರಿ. ಮನೆಯವರಿಗೆ ಗೊತ್ತಿಲ್ಲ. ಮಾಂತ್ರಿಕೆ ಬಂದಾಗ ಖುಷಿಯಾಯಿತೇ ಎಂದು ನಾಯಕಿ ಕೇಳಿದ್ದಕ್ಕೆ, ‘ಖುಷಿ ಅಲ್ಲ ಅಕ್ಕ, ಉಸಿರು ಬಂತು’ ಎಂದ.

ಆ ಒಂದು ಮಾತಿನಿಂದ ನನ್ನ ತಿಳಿವಳಿಕೆ ಬದಲಾಯಿತು. ಗಾಚಾದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಪ್ರಯೋಗಗಳಿಂದ ಶುರು ಮಾಡುತ್ತಾರೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನ, ಪ್ರತಿ ಸಲವೂ ಸಿಗುವ ಬಹುಮಾನಕ್ಕಿಂತ ಬಲವಾಗಿ ಪ್ರಾಣಿಯನ್ನು ಒಂದು ಗುಂಡಿಗೆ ಅಂಟಿಸುತ್ತದೆ ಎಂಬುದು ಅಲ್ಲಿ ಕಂಡ ಸತ್ಯ. ಖಡ್ಗಧಾರಿಯವರ ಖರ್ಚನ್ನು ಅದು ವಿವರಿಸಬಹುದು, ಪುಲ್ ಮಾಡುವ ಕ್ಷಣ ಅವರಿಗೆ ನಿಜವಾಗಿ ಇಷ್ಟ. ಬಿಲ್ಲುಗಾರನನ್ನು ಅದು ವಿವರಿಸುವುದಿಲ್ಲ. ಅವನು ಕಣ್ಣು ಮುಚ್ಚಿಕೊಂಡು, ದೃಶ್ಯವನ್ನು ಸ್ಕಿಪ್ ಮಾಡಿ, ಫಲಿತಾಂಶ ಮಾತ್ರ ನೋಡುತ್ತಿದ್ದ.

ಸಾಧ್ಯತೆಗಳ ಪಟ್ಟಿಯೂ ಅವನಿಗೆ ಬಾಯಿಪಾಠ. ಇದನ್ನು ಒತ್ತಿ ಹೇಳಬೇಕು. ಕಳೆದ ಹದಿನೈದು ವರ್ಷಗಳಲ್ಲಿ ಸರ್ಕಾರಗಳೂ ಕಂಪನಿಗಳೂ ಗಾಚಾಕ್ಕೆ ಹಾಕಿದ ಬೇಲಿಗಳಲ್ಲಿ ಬಹುಪಾಲು ಪಾರದರ್ಶಕತೆಗೆ ಸಂಬಂಧಿಸಿದವು. 2012ರ ಮೇ ತಿಂಗಳಲ್ಲಿ ಜಪಾನಿನ ಗ್ರಾಹಕ ವ್ಯವಹಾರಗಳ ಸಂಸ್ಥೆ, ಹಲವು ವಸ್ತುಗಳ ಪೂರ್ತಿ ಸೆಟ್ ಕೂಡಿಸಿದರೆ ದೊಡ್ಡ ಬಹುಮಾನ ಕೊಡುವ ‘ಕಂಪ್ಲೀಟ್ ಗಾಚಾ’ ಕಾನೂನುಬಾಹಿರ ಎಂದಿತು. ಚೀನಾ 2017ರ ಮೇ ತಿಂಗಳಿನಿಂದ ಸಾಧ್ಯತೆಗಳನ್ನು ಪ್ರಕಟಿಸುವುದನ್ನು ಕಡ್ಡಾಯ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಪಲ್, 2019ರಲ್ಲಿ ಗೂಗಲ್ ತಮ್ಮ ಮಳಿಗೆಗಳ ಆಟಗಳಿಗೆ ಅದೇ ಷರತ್ತು ಹಾಕಿದವು. ದಕ್ಷಿಣ ಕೊರಿಯಾದಲ್ಲಿ 2024ರ ಮಾರ್ಚ್‌ನಿಂದ ಅದು ಕಾನೂನು. ಬೆಲ್ಜಿಯಂ 2018ರಲ್ಲಿ ಇನ್ನೂ ಮುಂದೆ ಹೋಗಿ, ಒಳಗೇನಿದೆಯೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳನ್ನು ಜೂಜಿನ ಕಾನೂನಿನ ಕೆಳಗೆ ತಂದಿತು. ಇವೆಲ್ಲ ಬೇಕಾದ ಬೇಲಿಗಳೇ. ಆದರೆ ಬಿಲ್ಲುಗಾರನಿಗೆ ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಶೇಕಡಾ 1 ಎಂದರೆ ಏನು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನೇ ಅವನು. ಪುಲ್ ಪರದೆಗೆ ಹಾಕಿದ ಯಾವ ಬೇಲಿಯೂ ಗಿಲ್ಡ್‌ನ ಪಟ್ಟಿಯ ಕೆಂಪು ಬಣ್ಣವನ್ನು ಮುಟ್ಟುವುದಿಲ್ಲ.

ಮೂರು ನಿರ್ಧಾರಗಳು

ನಾಯಕಿ ಉಪನಾಯಕರನ್ನೆಲ್ಲ ಕರೆದು, ಹುಡುಗನ ಹೆಸರು ಹೇಳದೆ, ನಡೆದದ್ದನ್ನು ಹೇಳಿದರು. ಕನಿಷ್ಠ ಅಂಕವನ್ನು ಇಳಿಸೋಣ ಎಂಬುದು ಮೊದಲು ಬಂದ ಸಲಹೆ. ವೈದ್ಯೆ ಒಪ್ಪಲಿಲ್ಲ. ಎಷ್ಟು ಇಳಿಸಿದರೂ ಮುಂದಿನ ಬ್ಯಾನರ್ ಬಂದಾಗ ಅದು ತಾನಾಗಿ ಏರುತ್ತದೆ, ನಾವು ಎಣಿಸುತ್ತಿರುವ ವಸ್ತುವೇ ಬೇರೆಯಾಗಬೇಕು ಎಂದರು. ಹಾಗೆ ಹೇಳಿ ಒಂದು ವಿಷಯ ತೋರಿಸಿದರು, ಅದು ಇಡೀ ಸೀಸನ್ ನಮ್ಮ ಕಣ್ಣೆದುರೇ ಇತ್ತು.

ಚಂದ್ರಮಾಂತ್ರಿಕೆಯ ಕೌಶಲದ ವಿವರಣೆಯ ಕೊನೆಯ ಸಾಲಿನಲ್ಲಿ, ಕವಚ ಒಡೆದ ಬಳಿಕ ಇಪ್ಪತ್ತು ನಿಮಿಷ ಡ್ರ್ಯಾಗನ್ ‘ಗಿಲ್ಡ್‌ನ ಎಲ್ಲ ಸದಸ್ಯರಿಗೂ’ ತೆರೆದಿರುತ್ತದೆ ಎಂದಿತ್ತು. ಅಂದರೆ ಒಬ್ಬರು ಒಡೆದರೆ ಸಾಕು, ಅವಳಿಲ್ಲದವರೂ ಆ ಇಪ್ಪತ್ತು ನಿಮಿಷದಲ್ಲಿ ಪೂರ್ತಿ ಬಲದಿಂದ ಹೊಡೆಯಬಹುದು. ನಮ್ಮಲ್ಲಿ ಹನ್ನೊಂದು ಜನ ಒಡೆಯಬಲ್ಲವರಿದ್ದರು. ಹಾಗಾದರೆ ಯಾರೂ ಇದನ್ನು ಯಾಕೆ ಮಾಡಲಿಲ್ಲ? ಕವಚ ಒಡೆಯಲು ಬಳಸಿದ ದಾಳಿಗೆ ಡ್ಯಾಮೇಜ್ ಬಹಳ ಕಡಿಮೆ. ಒಡೆದವರ ಅಂಕ ಕುಸಿಯುತ್ತದೆ, ಆಮೇಲೆ ಹೊಡೆದವರ ಅಂಕ ಏರುತ್ತದೆ. ಕನಿಷ್ಠ ಅಂಕ ಇರುವ ಗಿಲ್ಡ್‌ನಲ್ಲಿ ಯಾರು ಇನ್ನೊಬ್ಬರಿಗಾಗಿ ತಮ್ಮ ಸರದಿ ಬಿಟ್ಟುಕೊಟ್ಟಾರು? ಒಡೆಯಬಲ್ಲವರೆಲ್ಲ ತಂತಮ್ಮ ದಾಳಿಯ ಕೊನೆಯಲ್ಲಿ ತಮಗಷ್ಟೇ ಬೇಕಾದಂತೆ, ತಂತಮ್ಮ ಹೊತ್ತಿಗೆ ಒಡೆದುಕೊಳ್ಳುತ್ತಿದ್ದರು. ಹಣವಿಲ್ಲದೆಯೂ ಗೆಲ್ಲುವ ದಾರಿಯನ್ನು ನಮ್ಮ ನಿಯಮವೇ ಮುಚ್ಚಿಟ್ಟಿತ್ತು.

ಹೀಗೆ ಮೂರು ನಿರ್ಧಾರಗಳಾದವು. ಕನಿಷ್ಠ ಅಂಕ ರದ್ದು, ಅದರ ಬದಲು ಇಪ್ಪತ್ತೊಂದರಲ್ಲಿ ಎಷ್ಟು ದಾಳಿ ಮಾಡಿದಿರಿ ಎಂಬ ಹಾಜರಿಯಷ್ಟೇ ಲೆಕ್ಕ. ದಿನಕ್ಕೆ ಎರಡು ಗೊತ್ತಾದ ಹೊತ್ತಿನಲ್ಲಿ ಒಡೆಯುವವರು ಮೊದಲು ಬಂದು ಕವಚ ಒಡೆಯುವುದು, ಉಳಿದವರು ಹಿಂದೆಯೇ ನುಗ್ಗುವುದು. ಹೊಸ ಬ್ಯಾನರ್ ಬಂದ ಮೊದಲ ವಾರ ಯಾರೂ ಚಾಟ್‌ನಲ್ಲಿ ಪುಲ್ ಚಿತ್ರ ಹಾಕದಿರುವುದು. ಎರಡನೇ ಗಿಲ್ಡ್ ಮುಚ್ಚಿ ಎಲ್ಲರನ್ನೂ ಮರಳಿ ಕರೆಯಲಾಯಿತು. ಒಂಬತ್ತರಲ್ಲಿ ಐವರು ಬಂದರು.

ಖಡ್ಗಧಾರಿಯವರು ಮೊದಲ ನಿರ್ಧಾರವನ್ನು ಒಪ್ಪಿದರು, ಎರಡನೆಯದನ್ನು ಒಪ್ಪಲಿಲ್ಲ. ‘ನಾನು ನನ್ನ ಹಣದಿಂದ ಬೆಳೆಸಿದ ಪಾತ್ರ ಇದು. ಅವಳು ಹೊಡೆಯುವುದನ್ನು ನೋಡಲು ಆಡುತ್ತೇನೆ, ಬಾಗಿಲು ತೆರೆದು ನಿಲ್ಲಿಸಲು ಅಲ್ಲ’ ಎಂದರು. ಇದು ಸ್ವಾರ್ಥದ ಮಾತೆಂದು ಕೆಲವರು ಬೇಸರಪಟ್ಟರು. ನನಗೆ ಹಾಗೆ ಅನ್ನಿಸಲಿಲ್ಲ. ಅವರು ಕೇಳಿದ್ದು ತಾನು ಇಷ್ಟಪಟ್ಟು ಬಂದ ಆಟವನ್ನು ಇಷ್ಟಪಟ್ಟಂತೆ ಆಡುವ ಅವಕಾಶವನ್ನು. ನಮ್ಮ ಗಿಲ್ಡ್ ಬೇರೊಂದು ಆಟ ಆಡಲು ಹೊರಟಿತ್ತು. ನಾಯಕಿ ಅವರನ್ನು ಉಳಿಸಿಕೊಳ್ಳಲು ವಿಶೇಷ ವಿನಾಯಿತಿ ಕೊಡಬಹುದಿತ್ತು. ಹಣ ಹಾಕಿದವರಿಗೆ ಒಂದು ನಿಯಮ, ಹಾಕದವರಿಗೆ ಇನ್ನೊಂದು ಎಂದಾದರೆ ಮತ್ತೆ ಮೊದಲಿಗೇ ಬಂದು ನಿಲ್ಲುತ್ತೇವೆ ಎಂದು ಕೊಡಲಿಲ್ಲ. ಖಡ್ಗಧಾರಿಯವರು ಸೌಜನ್ಯದಿಂದಲೇ ಹೊರಟರು, ಜೊತೆಗೆ ನಾಲ್ವರು ಹೋದರು. ಅದು ನಮ್ಮ ಒಟ್ಟು ಬಲದ ಮೂರನೇ ಒಂದು ಪಾಲು.

ನಡೆದದ್ದು

ಮೊದಲ ವಾರ 212ನೇ ಸ್ಥಾನ. ಒಡೆಯುವವರು ಆರು ಜನ ಮಾತ್ರ ಉಳಿದಿದ್ದರು. ಗೊತ್ತಾದ ಹೊತ್ತಿಗೆ ಅರ್ಧದಷ್ಟು ಜನ ಬರಲಿಲ್ಲ. ಕೆಲಸ, ನಿದ್ದೆ, ಓದು ಎಲ್ಲರಿಗೂ ಇದ್ದವು. ಎರಡು ಹೊತ್ತನ್ನು ಮೂರು ಮಾಡಿ, ಒಬ್ಬೊಬ್ಬರೂ ಒಂದಕ್ಕೆ ಬಂದರೆ ಸಾಕು ಎಂದು ಸಡಿಲಿಸಿದ ಮೇಲೆ ಹಳಿಗೆ ಬಂತು. ಸೀಸನ್ ಮುಗಿಯುವ ಹೊತ್ತಿಗೆ 130ರ ಆಸುಪಾಸಿಗೆ ಏರಿದೆವು. ಅಗ್ರ ನೂರರೊಳಗೆ ಮತ್ತೆ ಕಾಲಿಡಲಿಲ್ಲ, ಇಂದಿಗೂ ಇಟ್ಟಿಲ್ಲ. ವಾರದ ಬಹುಮಾನ ಅರ್ಧಕ್ಕಿಂತ ಕಡಿಮೆಯಾದದ್ದು ಹಣ ಹಾಕದೆ ಆಡುವವರಿಗೇ ಹೆಚ್ಚು ತಟ್ಟಿತು ಎಂಬುದನ್ನೂ ಮುಚ್ಚಿಡಬಾರದು. ಒತ್ತಡ ಬಿಟ್ಟುಕೊಡಲು ಗಿಲ್ಡ್ ತೆತ್ತ ಬೆಲೆ ಅದು.

ಬಿಲ್ಲುಗಾರನ ಕಥೆ ಅಷ್ಟು ಸಲೀಸಾಗಿ ಸುಖಾಂತ್ಯ ಕಾಣಲಿಲ್ಲ. ನಿಯಮ ಹೋದ ಮೇಲೆ ಬಂದ ಮೊದಲ ಬ್ಯಾನರ್‌ನಲ್ಲಿ ಅವನು ಮತ್ತೆ ಹಣ ಹಾಕಿದ, ಮೊದಲಿನಷ್ಟಲ್ಲದಿದ್ದರೂ. ಯಾರೂ ಕೇಳಿರಲಿಲ್ಲ, ಪಟ್ಟಿಯಲ್ಲಿ ಹಾಜರಿ ಪೂರ್ತಿ ಇತ್ತು. ಅವನೇ ನಾಯಕಿಗೆ ಹೇಳಿಕೊಂಡ: ಪಟ್ಟಿಯ ಹೆದರಿಕೆ ಹೋಗಿದೆ, ಆದರೆ ಬ್ಯಾನರ್ ಮುಗಿಯುವ ಹೊತ್ತಿಗೆ ಕೈ ತಾನಾಗಿ ಹೋಗುತ್ತದೆ. ಗೆಳೆಯರ ಎದುರಿನ ಮರ್ಯಾದೆ ಅವನನ್ನು ಆ ಬಾಗಿಲಿಗೆ ತಂದು ನಿಲ್ಲಿಸಿತ್ತು. ಒಳಗೆ ಹೋದ ಮೇಲೆ ಅಭ್ಯಾಸಕ್ಕೆ ಅದರದೇ ಬಲ ಬಂದಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಬೇರೆಲ್ಲಕ್ಕಿಂತ ಅದಕ್ಕೇ ಆದ್ಯತೆ, ಹಾನಿಯಾಗುತ್ತಿದ್ದರೂ ಮುಂದುವರಿಕೆ, ಇವು ಸಾಮಾನ್ಯವಾಗಿ ಕನಿಷ್ಠ ಹನ್ನೆರಡು ತಿಂಗಳಾದರೂ ಕಾಣಬೇಕು ಎನ್ನುತ್ತದೆ. ಬಿಲ್ಲುಗಾರ ಕೆಲಸಕ್ಕೆ ಹೋಗುತ್ತಿದ್ದ, ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಆಡುತ್ತಿರಲಿಲ್ಲ. ಅವನಿಗೆ ರೋಗದ ಹಣೆಪಟ್ಟಿ ಹಚ್ಚುವುದು ನಮ್ಮ ಕೆಲಸವಲ್ಲ, ಹಚ್ಚಿದ್ದರೆ ಅವನು ಬಾಯಿ ಬಿಡುತ್ತಲೂ ಇರಲಿಲ್ಲ. ನಾಯಕಿ ಅವನಿಗೆ ಹೇಳಿದ್ದು ಎರಡೇ: ಮನೆಯಲ್ಲಿ ಒಬ್ಬರಿಗಾದರೂ ಹೇಳು, ಸಾಲ ತೀರುವವರೆಗೆ ಫೋನಿನಲ್ಲಿ ಖರೀದಿಯ ಪಾಸ್‌ವರ್ಡ್ ನಿನ್ನ ಕೈಯಲ್ಲಿ ಇರಬಾರದು. ಅವನು ತನ್ನ ಅಣ್ಣನಿಗೆ ಹೇಳಿದ. ಅಣ್ಣ ಬೈದು, ಆಮೇಲೆ ಪಾಸ್‌ವರ್ಡ್ ಇಟ್ಟುಕೊಂಡರು. ಕಂತು ತೀರಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳೂ ಅವನು ಗಿಲ್ಡ್‌ನಲ್ಲಿದ್ದ, ಹೊಸಬರಿಗೆ ಪಾಠ ಹೇಳುತ್ತಿದ್ದ. ಆಟ ಬಿಟ್ಟುಬಿಡು ಎಂದು ನಾಯಕಿ ಹೇಳದಿದ್ದುದು ಸರಿಯೇ ಎಂದು ನಮ್ಮಲ್ಲಿ ಚರ್ಚೆಯಾಯಿತು. ಬಿಡು ಎಂದಿದ್ದರೆ ಅವನು ಆಟದ ಅಂಗಡಿಯ ಜೊತೆಗೆ ಗೆಳೆಯರನ್ನೂ ಕಳೆದುಕೊಳ್ಳುತ್ತಿದ್ದ, ಕಷ್ಟ ಹೇಳಿಕೊಳ್ಳಲು ಇದ್ದ ಒಂದೇ ಕಿವಿಯೂ ದೂರವಾಗುತ್ತಿತ್ತು ಎಂಬ ಅವರ ಮಾತು ನನಗೆ ಒಪ್ಪಿಗೆ.

ಈಗ ಬೇರೆ ಗಿಲ್ಡ್ ನಡೆಸುವವರು ಈ ಬಗ್ಗೆ ಕೇಳಿದಾಗ ನಾನು ಮೊದಲು ಕೇಳುವುದು ನಿಮ್ಮ ಪಟ್ಟಿಯಲ್ಲಿ ಯಾವ ಅಂಕಣ ಇದೆ ಎಂದು. ಆಟ ಕೊಡುವ ಅಂಕಣ ಡ್ಯಾಮೇಜ್, ಯಾಕೆಂದರೆ ಡ್ಯಾಮೇಜ್ ಕೊಳ್ಳಲು ಸಿಗುತ್ತದೆ. ಹಾಜರಿ, ಹೊಸಬರಿಗೆ ಹೇಳಿಕೊಡುವುದು, ಇನ್ನೊಬ್ಬರಿಗಾಗಿ ಸರದಿ ಬಿಟ್ಟುಕೊಡುವುದು ಕೊಳ್ಳಲು ಸಿಗುವುದಿಲ್ಲ, ಅದಕ್ಕೇ ಪರದೆಯ ಮೇಲೆ ಅವಕ್ಕೆ ಜಾಗವಿಲ್ಲ. ಆಟ ಕೊಟ್ಟ ಅಂಕಣವನ್ನೇ ಎತ್ತಿ ನಿಯಮ ಮಾಡಿದ ನಾಯಕರು ತಿಳಿಯದೆಯೇ ಅಂಗಡಿಯ ವಸೂಲಿಗೆ ನಿಲ್ಲುತ್ತಾರೆ. ಅವರಲ್ಲಿ ಯಾರೂ ಕೆಟ್ಟವರಾಗಿರಬೇಕಿಲ್ಲ. ನಮ್ಮಲ್ಲಿ ಯಾರೂ ಕೆಟ್ಟವರಿರಲಿಲ್ಲ.

ಇನ್ನೊಂದು, ವಿನಾಯಿತಿಯ ವಿಷಯ. ಕಷ್ಟದಲ್ಲಿರುವವರು ಹೇಳಲಿ, ವಿನಾಯಿತಿ ಕೊಡುತ್ತೇವೆ ಎಂಬ ಗಿಲ್ಡ್‌ಗಳನ್ನು ಬಹಳ ಕಂಡಿದ್ದೇನೆ. ಕಷ್ಟ ಹೇಳಿಕೊಳ್ಳುವುದೇ ಅವಮಾನವಾಗಿರುವವರು ವಿನಾಯಿತಿ ಕೇಳುವ ಬದಲು ಸಾಲ ಮಾಡುತ್ತಾರೆ. ಬಿಲ್ಲುಗಾರ ಕೇಳಿದ್ದೂ ವಿನಾಯಿತಿಯನ್ನಲ್ಲ, ಗಡುವನ್ನು.

ಕಳೆದ ತಿಂಗಳ ಅಪ್‌ಡೇಟ್‌ನಲ್ಲಿ ‘ಗಿಲ್ಡ್ ಪಾಸ್’ ಬಂದಿದೆ. ಗಿಲ್ಡ್‌ನಲ್ಲಿ ಹತ್ತು ಜನ ಕೊಂಡರೆ ಮೂವತ್ತೂ ಜನರಿಗೆ ದಿನಕ್ಕಿಷ್ಟು ಡೈಮಂಡ್. ಕೊಂಡವರ ಹೆಸರು ಎಲ್ಲರಿಗೂ ಕಾಣುತ್ತದೆ, ಪಕ್ಕದಲ್ಲಿ ಧನ್ಯವಾದ ಹೇಳುವ ಗುಂಡಿಯಿದೆ. ಹೆಸರು ಮರೆಮಾಡುವ ಆಯ್ಕೆ ಇಲ್ಲ. ನಾಯಕಿ ಮತಕ್ಕೆ ಹಾಕಿದರು: ಕೊಳ್ಳುವವರು ಕೊಳ್ಳಲಿ, ಆದರೆ ಎಷ್ಟು ಜನ ಬಾಕಿ ಎಂದು ಚಾಟ್‌ನಲ್ಲಿ ಯಾರೂ ಎಣಿಸಬಾರದು, ಧನ್ಯವಾದದ ಗುಂಡಿ ಯಾರೂ ಒತ್ತಬಾರದು. ಇಪ್ಪತ್ತಮೂರು ಜನ ಒಪ್ಪಿದರು, ನಾಲ್ವರು ಒಪ್ಪಲಿಲ್ಲ. ಈವರೆಗೆ ಏಳು ಜನ ಕೊಂಡಿದ್ದಾರೆ.